ದೀಪ ದೊಡ್ಡದಾದ ಸಂಜೆ

ಪರದೇಶದಲ್ಲಿ ಪಾಠ ಹೇಳಿ ಬಂದವರ ಮುಖಕ್ಕೆ ಒಂದು ಪಾಲಿಶ್ ಇರುತ್ತದೆ. ಎಷ್ಟು ವರ್ಷ ಕಳೆದರೂ ಅದು ಮಾಸುವುದಿಲ್ಲ. ನಮ್ಮ ಓಣಿಯ ವಿಮಲಾಬಾಯಿ ಆಫ್ರಿಕಾದಲ್ಲಿ ಗಣಿತ ಕಲಿಸಿ ಗದಗಿಗೆ ಮರಳಿದವರು. ಬೆಟಗೇರಿಯ ಪೇಟೆಯಲ್ಲಿ ಬದನೆಕಾಯಿ ಆರಿಸುವಾಗಲೂ "ನಮ್ಮ ಆಫ್ರಿಕಾದಾಗ ಇಷ್ಟಿಷ್ಟ ದೊಡ್ಡವು ಸಿಗತಿದ್ವು ನೋಡ" ಎಂದು ಎರಡೂ ಕೈ ಅಗಲಿಸಿ ಮಾರುವವಳನ್ನು ಕಂಗೆಡಿಸುತ್ತಾರೆ. ನಮ್ಮ ಲೇಡೀಸ್ ಕ್ಲಬ್ಬಿನಲ್ಲಿ ಅವರ ಫೇವರಿಟ್ ಐಟಂ ಎಂದರೆ ಅಲ್ಲಿ ಕರೆಂಟ್ ಹೋಗುತ್ತಿದ್ದ ಕಥೆ. ಟ್ರಾಪಿಕಲ್ ಮಳೆಯಂತೆ, ಟ್ರಾಪಿಕಲ್ ಕತ್ತಲೆಯಂತೆ, ಸೊಳ್ಳೆಪರದೆಯೊಳಗೆ ಕುಳಿತು ಟಾರ್ಚ್ ಹಿಡಿದು ಪೇಪರ್ ತಿದ್ದಿದರಂತೆ. ನಾವೆಲ್ಲ "ಅಯ್ಯ, ಹೌದೇನ್ರಿ!" ಎನ್ನುತ್ತ ಚಹಾ ಕುಡಿಯುತ್ತೇವೆ. ನಾನೂ ಅನ್ನುತ್ತೇನೆ. ಆದರೆ ಒಳಗೊಳಗೇ ಒಂದು ಮಾತು ನಾಲಿಗೆಯ ತುದಿಯವರೆಗೆ ಬಂದು, ಚಹಾದ ಗುಟುಕಿನ ಜೊತೆ ಮತ್ತೆ ಕೆಳಗಿಳಿಯುತ್ತದೆ. ಅದೇನೆಂದರೆ, ಎಕ್ಸ್‌ಕ್ಯೂಸ್ ಮೀ ಲೇಡೀಸ್, ನಾನೂ ಪರದೇಶದಲ್ಲಿ ಪಾಠ ಹೇಳಿದವಳು. ಅದೂ ಟ್ರಾಪಿಕ್ಸ್‌ನಲ್ಲಿ. ಅಲ್ಲಿಯೂ ಕರೆಂಟ್ ಹೋಗಿತ್ತು. ಮತ್ತು ಆ ಕರೆಂಟು ಹೋದದ್ದರಿಂದಲೇ ನಾನು ನನ್ನ ಜೀವನದ ಏಕೈಕ ಯುದ್ಧವನ್ನು ಗೆದ್ದೆ.

ನನ್ನ ಆ ಪರದೇಶದ ಹೆಸರು ಲಕ್ಷ್ಮೇಶ್ವರ.

ನಗಬೇಡಿ. ಈಗ ಗದಗಿನಲ್ಲಿ ಬಸ್ಸು ಹತ್ತಿದರೆ ಶೇಂಗಾ ಪೊಟ್ಟಣ ಮುಗಿಯುವುದರೊಳಗೆ ಲಕ್ಷ್ಮೇಶ್ವರ ಬರುತ್ತದೆ. ಆಗಲೂ ದಾರಿ ಅಷ್ಟೇ ಉದ್ದವಿತ್ತು. ಆದರೆ ಗದಗು ಇಂಗ್ಲಿಷರ ಮುಂಬಯಿ ಪ್ರಾಂತದ್ದು, ನಡುವಿನ ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ಈ ಕಡೆ ಮುಂಡರಗಿ ದಾಟಿದರೆ ನಿಜಾಮರದ್ದು. ಬುತ್ತಿ ಬಿಚ್ಚುವ ಮೊದಲೇ ಮೂರು ರಾಜ್ಯ ಕಂಡುಬಿಡಬಹುದಾಗಿತ್ತು. ನನಗೆ ಅಲ್ಲಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ನೌಕರಿ ಸಿಕ್ಕಾಗ ನಮ್ಮ ಅಜ್ಜಿ ಓಣಿಗೆಲ್ಲ "ಹುಡಿಗಿ ಪರರಾಜ್ಯಕ್ಕ ಹೊಂಟಾಳ" ಎಂದು ಹೇಳಿಕೊಂಡು ಕಣ್ಣೀರು ಹಾಕಿದಳು. ಗಡಿಯ ಜಕಾತಿ ನಾಕಾದಲ್ಲಿ ನಮ್ಮ ಸರ್ವಿಸ್ ಮೋಟಾರನ್ನು ನಿಲ್ಲಿಸಿ ಒಬ್ಬ ಸಿಪಾಯಿ ನನ್ನ ಟ್ರಂಕು ತೆಗೆಸಿದ.

"ಏನ ಐತ್ರಿ ಇದರಾಗ?"

"ಇಂಗ್ಲಿಷ್ ಗ್ರಾಮರ್" ಎಂದೆ.

ಅವನು ಒಂದು ಪುಸ್ತಕವನ್ನು ಎತ್ತಿ, ತೂಗಿ, ಮತ್ತೆ ಇಟ್ಟ. "ಒಯ್ರಿ, ಇದಕ್ಕ ಜಕಾತಿ ಇಲ್ಲ. ನಮ್ಮ ಊರಾಗ ಯಾರೂ ತಗೊಳ್ಳಂಗಿಲ್ಲ."

ಇನ್ನು ಟ್ರಾಪಿಕ್ಸ್ ವಿಷಯ. ನಮ್ಮ ತಂದೆ ರೇಲ್ವೆ ಆಫೀಸಿನಲ್ಲಿದ್ದವರು. ಸಾಹೇಬರ ಮಕ್ಕಳಂತೆ ಮಗಳೂ ಓದಲಿ ಎಂದು ನನ್ನನ್ನು ದೂರದ ಒಂದು ಕಾನ್ವೆಂಟಿನ ಬೋರ್ಡಿಂಗಿಗೆ ಹಾಕಿದ್ದರು. ಅಲ್ಲಿಯ ಜಿಯಾಗ್ರಫಿ ಪುಸ್ತಕದಲ್ಲಿ ಟ್ರಾಪಿಕ್ಸ್ ಎಂಬ ನಾಡಿನ ವರ್ಣನೆ ಇತ್ತು. ಅಲ್ಲಿ ಬಿಸಿಲು ಬಹಳ, ಸೂರ್ಯ ತಟಕ್ಕನೆ ಮುಳುಗುತ್ತಾನೆ, ಜನ ಅಂಗಳದಲ್ಲಿ ಮಲಗುತ್ತಾರೆ. ಪಾಪ, ಎಂಥ ಜನವೋ ಎಂದುಕೊಂಡಿದ್ದೆ. ಒಂದು ದಿನ ಗ್ಲೋಬಿನ ಮೇಲೆ ಬೆರಳಾಡಿಸುತ್ತಿದ್ದಾಗ ಟ್ರಾಪಿಕ್ಸ್‌ನ ಎರಡು ಗೆರೆಗಳ ನಡುವೆ ನಮ್ಮ ಗದಗೇ ಕುಳಿತದ್ದು ಕಂಡು ಎದ್ದುನಿಂತು "ಮದರ್, ನಾನೇ ಟ್ರಾಪಿಕ್ಸ್‌ನವಳು!" ಎಂದು ಕೂಗಿದೆ. ಮದರ್ ಕನ್ನಡಕದ ಮೇಲಿನಿಂದ ನೋಡಿ "ಸಿಟ್ ಡೌನ್, ಚೈಲ್ಡ್. ಡೋಂಟ್ ಬೋಸ್ಟ್" ಎಂದರು.

ಕಾನ್ವೆಂಟು ನನಗೆ ಬಹಳ ಕಲಿಸಿತು. ಸೂಪನ್ನು ಸದ್ದಿಲ್ಲದೆ ಕುಡಿಯುವುದು, ಮೊಣಕಾಲು ಜೋಡಿಸಿ ಕೂರುವುದು, ಪಿಯಾನೋ ಮೇಲಿನ ಧೂಳು ಒರೆಸುವುದು. ನಮ್ಮ ಜನ ಮನೆಯಲ್ಲಿ ಏನು ಅನ್ನುತ್ತಾರೆ, ಏನು ಅನ್ನಬಾರದು ಎಂಬುದನ್ನು ಮಾತ್ರ ಕಲಿಸಲಿಲ್ಲ. ಅದು ತಿಳಿದದ್ದು ಲಕ್ಷ್ಮೇಶ್ವರದ ಮೊದಲ ರಾತ್ರಿ. ನಾನು ಬಾಡಿಗೆಗಿದ್ದ ಕೋಣೆ ನೀಲವ್ವನದು. ಗುಡಿಯ ಪೂಜೆಯ ಮನೆತನ, ಹಣೆಯ ತುಂಬ ಕುಂಕುಮ, ಬಾಯಿ ತುಂಬ ಮಾತು. ಊಟವಾದ ಮೇಲೆ ನನ್ನ ಕೋಣೆಗೆ ಇಣುಕಿ "ಬಾಯಾರ, ದಣದೀರಿ. ದೀಪಾ ದೊಡ್ಡದು ಮಾಡಿ ಮಲಕೊಳ್ರಿ" ಎಂದು ಹೇಳಿಹೋದಳು. ಹೊಸ ಊರು, ಹೊಸ ಮನೆ, ಹಿರಿಯರ ಮಾತು. ನಾನು ಕಂದೀಲಿನ ಬತ್ತಿಯನ್ನು ಮೇಲಕ್ಕೆ ತಿರುವಿ ದೀಪವನ್ನು ದೊಡ್ಡದು ಮಾಡಿದೆ. ಮಲಗಿದೆ. ಕೋಣೆ ಹಗಲಿನಂತಾಗಿತ್ತು. ಈ ಊರಿನವರು ಹೀಗೆ ಹೇಗೆ ನಿದ್ದೆ ಮಾಡುತ್ತಾರೆ ಎಂದು ಆಶ್ಚರ್ಯಪಡುತ್ತಿದ್ದಾಗ ಮತ್ತೆ ಬಾಗಿಲ ಬಳಿ ದನಿ. "ಬಾಯಾರ, ದೀಪಾ ದೊಡ್ಡದು ಮಾಡಲಿಲ್ಲೇನ್ರಿ?" ಇನ್ನಷ್ಟು ತಿರುವಿದೆ. ಗಾಜು ಕಪ್ಪಾಯಿತು, ಹೊಗೆ ಎದ್ದಿತು, ಕೊನೆಗೆ ಗಾಜು ಫಟ್ಟೆಂದು ಸಿಡಿಯಿತು. ನೀಲವ್ವ ಓಡಿಬಂದು ಸೆರಗು ಬೀಸಿ ದೀಪ ಆರಿಸಿ, ಕತ್ತಲೆಯಲ್ಲಿ ಎದೆ ಹಿಡಿದುಕೊಂಡು ಕುಳಿತಳು.

"ದೊಡ್ಡದು ಮಾಡಂದ್ರ ಏನ ಅಂತ ತಿಳದೀರಿ ನಮ್ಮವ್ವ?"

"ದೊಡ್ಡದು ಅಂದ್ರೆ... ಬಿಗ್?"

"ಯಾ ಬಿಗ್ಗೋ ಏನೋ! ದೀಪಾ ದೊಡ್ಡದು ಮಾಡಂದ್ರ ಅದನ್ನ ತಗೀ ಅಂತ. ಮುತ್ತೈದಿ ಬಾಯಾಗ ದೀಪಾ ಆರಸು ಅಂತ ಅನಸ್ತೀರೇನು? ಬಳಿ ಒಡದ್ರ ಒಡದ್ವು ಅಂತೀವೇನು, ಹೆಚ್ಚಿದ್ವು ಅಂತೀವಿ. ಇದೂ ಹಂಗ."

ಮರುದಿನ ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಈ ಸುದ್ದಿ ನೀರಿಗಿಂತ ಮೊದಲು ಮನೆಮನೆ ಮುಟ್ಟಿತ್ತು. ಶಾಲೆಯ ಹುಡುಗಿಯರು ನನ್ನನ್ನು ನೋಡಿದೊಡನೆ ಪುಸ್ತಕದಲ್ಲಿ ಮುಖ ಮುಚ್ಚಿಕೊಂಡರು. ಕನ್ನಡ ನನ್ನ ತಾಯಿನುಡಿ ಹೌದು, ಆದರೆ ತಾಯಿಯ ಜೊತೆ ರಜೆಯಲ್ಲಷ್ಟೇ ಇದ್ದವಳು ನಾನು.

ಆ ಹುಡುಗಿಯರು ಒಟ್ಟು ಏಳು ಜನ. ಇಂಗ್ಲಿಷ್ ಕ್ಲಾಸಿಗೆ ಅಷ್ಟೇ. ಅವರಲ್ಲಿ ಕಾಶಿ ಎಂಬವಳು ಬೆಳ್ಳಟ್ಟಿಯವಳು. ಲಕ್ಷ್ಮೇಶ್ವರದ ಅತ್ತೆಯ ಮನೆಯಲ್ಲಿದ್ದು ಓದುತ್ತಿದ್ದಳು. ಬೆಳ್ಳಟ್ಟಿ ಸಾಂಗ್ಲಿಗೆ ಸೇರಿದ್ದರಿಂದ ಲೆಕ್ಕದ ಪ್ರಕಾರ ಅವಳು ಫಾರಿನ್ ಸ್ಟೂಡೆಂಟ್. ಜಾಣೆ. ಕ್ಲಾಸಿನಲ್ಲಿ ನನಗೇ ತಿರುಗಿಸಿ ಕೇಳುವಂಥವಳು. ಆದರೆ ಹೊರಗಿನ ಗಂಡಸರೊಬ್ಬರು ಬಾಗಿಲಲ್ಲಿ ಕಂಡರೆ ಸಾಕು, ಏಳೂ ಹುಡುಗಿಯರ ಬಾಯಿಗೆ ಬೀಗ. ಇದೇ ನನ್ನ ತಾಪತ್ರಯವಾಯಿತು. ಏಕೆಂದರೆ ಶಾಲೆಯ ಕಮಿಟಿಯ ಅಧ್ಯಕ್ಷರಾದ ದೇಸಾಯರಿಗೆ ಈ ಕ್ಲಾಸು ದಂಡವೆಂದು ಖಾತ್ರಿಯಾಗಿತ್ತು. "ಬಾಯಾರ, ಸಿಟ್ಟಿಗೇಳಬ್ಯಾಡ್ರಿ. ಇವರು ನಾಳೆ ಎಮ್ಮಿ ಹಿಂಡಾವರು. ಎಮ್ಮಿಗೆ ಇಂಗ್ಲಿಷ್ ತಿಳಿತೈತೇನ್ರಿ? ಹೊಲಿಗಿ ಕಲಸ್ರಿ, ಸಂಸಾರಕ್ಕ ಆಕ್ಕೈತಿ." ಕೆಟ್ಟವರಲ್ಲ ದೇಸಾಯರು. ನನಗೆ ಹಬ್ಬಕ್ಕೆ ಹೋಳಿಗೆ ಕಳಿಸುತ್ತಿದ್ದವರು. ಹೋಳಿಗೆ ಕಳಿಸುವವರ ಜೊತೆ ಜಗಳವಾಡುವುದು ಎಷ್ಟು ಕಷ್ಟವೆಂದು ಆಗಲೇ ಕಲಿತೆ.

ಸ್ವಾತಂತ್ರ್ಯ ಬಂದ ವರ್ಷದ ಚಳಿಗಾಲ ಅದು. ಗದಗಿಗೆ ಸ್ವಾತಂತ್ರ್ಯ ಬಂದಿತ್ತು. ಲಕ್ಷ್ಮೇಶ್ವರದಲ್ಲಿ ನಾವು ಅದನ್ನು ನೆರೆಮನೆಯ ಮದುವೆಯ ಹಾಗೆ ಬೇಲಿಯ ಮೇಲಿನಿಂದ ನೋಡುತ್ತಿದ್ದೆವು. ಶಾಲೆಯ ವಾರ್ಷಿಕ ಸಮಾರಂಭ, ನಮ್ಮ ಕಡೆ ಗ್ಯಾದರಿಂಗ್ ಅನ್ನುತ್ತಾರೆ, ಹತ್ತಿರ ಬಂತು. ಮೇಲಿನಿಂದ ಶಿಕ್ಷಣದ ಸಾಹೇಬರೊಬ್ಬರು ಬರುವವರಿದ್ದರು. ಕಮಿಟಿ ಒಂದು ಮಾತಿಗೆ ಬಂದಿತು. ಹುಡುಗಿಯರು ಸಾಹೇಬರ ಮುಂದೆ ಇಂಗ್ಲಿಷಿನಲ್ಲಿ ಮಾತಾಡಿದರೆ ಕ್ಲಾಸು ಉಳಿಯುತ್ತದೆ, ಇಲ್ಲವಾದರೆ ಹೊಲಿಗೆ. ಈ ಖಬರು ಬೆಳ್ಳಟ್ಟಿಗೂ ಮುಟ್ಟಿ ಕಾಶಿಯ ತಂದೆ ನಿಂಗನಗೌಡರು ಬಂದರು. ಅಂಗಳದಲ್ಲೇ ನಿಂತು ಹೇಳಿದರು. "ಬಾಯಾರ, ಕ್ಲಾಸು ನಡೀತಂದ್ರ ಕಲೀಲಿ, ನಾ ಒಲ್ಲೆ ಅನ್ನಂಗಿಲ್ಲ. ನಿಂತಂದ್ರ ಮುಂಡರಗ್ಯಾಗ ವರ ನೋಡೇವಿ, ಮದಿವಿ ಮಾಡಿಬಿಡತೇವಿ. ಸುಮ್ನ ಅತ್ತಿ ಮನ್ಯಾಗ ಇಟಗೊಂಡು ಏನ ಮಾಡೂದು?" ಕಾಶಿ ಕಂಬದ ಹಿಂದೆ ನಿಂತು ಕೇಳುತ್ತಿದ್ದಳು. ಅವಳಿಗೆ ಹದಿನಾಲ್ಕು. ಅವರು ಹೋದ ಮೇಲೆ ನನ್ನ ಹತ್ತಿರ ಬಂದು "ಬಾಯಾರ, ನಾಟಕದಾಗ ನನ್ನ ಮಾತು ಇನ್ನೊಮ್ಮಿ ಹೇಳಿಕೊಡ್ರಿ" ಎಂದಳು. ಆ ದಿನದಿಂದ ನನ್ನ ನಿದ್ದೆ ಹಾರಿತು.

ನಾಟಕವೂ ನನ್ನದೇ. ಹೆಸರು ಟೀ ಪಾರ್ಟಿ. ಕಾನ್ವೆಂಟಿನವಳ ತಲೆಗೆ ಇನ್ನೇನು ಹೊಳೆಯಬೇಕು? ಕಾಶಿ ಮನೆಯೊಡತಿ, ಉಳಿದವರು ಅತಿಥಿಗಳು. ಹೌ ಡೂ ಯು ಡೂ, ವಿಲ್ ಯು ಹ್ಯಾವ್ ಎ ಕಪ್ ಆಫ್ ಟೀ, ಹೌ ವೆರಿ ಕೈಂಡ್. ಕಪ್ಪು ಬಸಿಗಳು ದೇಸಾಯರ ಮನೆಯಿಂದಲೇ ಬಂದವು. ಸಮಾರಂಭಕ್ಕೆ ಕಳೆ ಬರಲೆಂದು ಅರಳೆ ಜಿನ್ನಿನ ಸಾವಕಾರ ಚನ್ನಪ್ಪನವರು ತಮ್ಮ ಇಂಜಿನ್ನಿನಿಂದ ಶಾಲೆಯವರೆಗೆ ತಂತಿ ಎಳೆಸಿ ಎರಡು ಬಲ್ಬು ತೂಗುಬಿಡಿಸಿದರು. ಒಂದು ಸ್ಟೇಜಿನ ಮೇಲೆ, ಒಂದು ಸಾಹೇಬರ ತಲೆಯ ಮೇಲೆ. ನಮ್ಮ ಅಂಗಳಕ್ಕೆ ಕರೆಂಟು ಬಂದದ್ದು ಅದೇ ಮೊದಲು. ನಾಟಕಕ್ಕಿಂತ ಹೆಚ್ಚು ಜನ ಬಲ್ಬು ನೋಡಲು ಬಂದಿದ್ದರು.

ಸಾಹೇಬರು ಸಂಭಾವಿತರು. ಪುಣೆಯ ಕಡೆಯವರು, ವಿಲಾಯತಿಯಲ್ಲಿ ಓದಿದವರು. ಕನ್ನಡವನ್ನು ಪುಸ್ತಕದಿಂದ ಕಲಿತಿದ್ದರು. ಪ್ರತಿ ಶಬ್ದವನ್ನೂ ಇಸ್ತ್ರಿ ಮಾಡಿ ಆಡುತ್ತಿದ್ದರು. ಪರದೆ ಸರಿಯಿತು. ಬಲ್ಬಿನ ಬೆಳಕು ಹುಡುಗಿಯರ ಮುಖಕ್ಕೆ ಬಡಿಯಿತು. ಎದುರಿಗೆ ಊರಿನ ಗಂಡಸರೆಲ್ಲ ಕೂತಿದ್ದಾರೆ, ಒಬ್ಬೊಬ್ಬರ ಮೀಸೆಯೂ ಸ್ಪಷ್ಟ ಕಾಣುತ್ತಿದೆ. ಕಾಶಿ ಕೈಯಲ್ಲಿ ಕಪ್ಪು ಹಿಡಿದು ನಿಂತಳು. ನಿಂತೇ ಇದ್ದಳು. ನಾನು ಪಕ್ಕದಿಂದ "ಗುಡ್ ಈವ್ನಿಂಗ್, ಗುಡ್ ಈವ್ನಿಂಗ್" ಎಂದು ಪಿಸುಗುಟ್ಟಿದೆ. ನನ್ನ ಪಿಸುಮಾತು ಹಿಂದಿನ ಸಾಲಿಗೂ ಕೇಳಿ ಯಾರೋ "ಗುಡ್ ಈವ್ನಿಂಗ್ರಿ ಬಾಯಾರ" ಎಂದರು. ಕಪ್ಪು ಬಸಿಯ ಮೇಲೆ ಕಟಕಟ ನಡುಗಿತು. ಅದೊಂದೇ ಸದ್ದು. ದೇಸಾಯರು ಸಾಹೇಬರ ಕಡೆ ಬಾಗಿ, ನನ್ನ ಮೇಲಿನ ಮರುಕದಿಂದಲೇ ಹೇಳಿದರು. "ನಾ ಹೇಳಿದ್ನೆಲ್ರಿ. ಬಾಯಿಪಾಠ. ಅದೂ ಮರತಾವು."

ಆ ಕ್ಷಣಕ್ಕೆ ಕರೆಂಟು ಹೋಯಿತು.

ಜಿನ್ನಿನಲ್ಲಿ ಇಂಜಿನ್ನಿನ ಪಟ್ಟಾ ಜಾರಿತ್ತೆಂದು ಆಮೇಲೆ ತಿಳಿಯಿತು. ಆಗ ನಮಗೆ ತಿಳಿದದ್ದು ಅಮಾವಾಸ್ಯೆಯ ಕತ್ತಲೆಯೊಂದೇ. ಜನರಲ್ಲಿ ಗುಜುಗುಜು. "ಶುಭ ಕಾರ್ಯದಾಗ ದೀಪಾ ಹೋತು, ಚಲೋ ಅಲ್ಲ ತಗೀರಿ." "ಪಾಪ, ಬಾಯಾರ ನಸೀಬ." ನಾನು ಪರದೆಯ ಹಗ್ಗ ಹಿಡಿದುಕೊಂಡು ಕಾನ್ವೆಂಟಿನಲ್ಲಿ ಕಲಿತ ಪ್ರೇಯರ್ ನೆನಪಿಸಿಕೊಳ್ಳುತ್ತಿದ್ದೆ, ಅದರ ನಡುವೆ ನಮ್ಮ ಅಜ್ಜಿಯ ದೇವರೆಲ್ಲರೂ ನುಗ್ಗಿ ಬರುತ್ತಿದ್ದರು. ಅಷ್ಟರಲ್ಲಿ ಸ್ಟೇಜಿನಿಂದ ಒಂದು ದನಿ ಬಂತು. ಸ್ಪಷ್ಟ, ಗಟ್ಟಿ, ಸ್ವಲ್ಪ ಸಿಟ್ಟಿನ ದನಿ.

"ಗುಡ್ ಈವ್ನಿಂಗ್, ಸರ್. ಪ್ಲೀಸ್ ಸಿಟ್ ಡೌನ್. ಡೋಂಟ್ ಬಿ ಅಫ್ರೇಡ್."

ಕಾಶಿ! ಗದ್ದಲ ನಿಂತಿತು. ಸಾಹೇಬರಿಗೆ ಮೋಜೆನಿಸಿರಬೇಕು. ಕತ್ತಲೆಯಿಂದಲೇ ಇಂಗ್ಲಿಷಿನಲ್ಲಿ ಥ್ಯಾಂಕ್ಸ್ ಹೇಳಿ, ಒಂದು ಕಪ್ ಟೀ ಸಿಗಬಹುದೇ, ಎರಡು ಚಮಚ ಸಕ್ಕರೆ ಹಾಕಿ ಎಂದರು. ಸಕ್ಕರೆಯ ಮಾತು ನಮ್ಮ ನಾಟಕದಲ್ಲೇ ಇರಲಿಲ್ಲ.

"ಶುಗರ್ ಈಸ್ ರೇಷನ್, ಸರ್" ಎಂದಿತು ಕತ್ತಲೆ. "ಓನ್ಲಿ ಜಾಗರಿ."

ಸಾಹೇಬರು ಗಟ್ಟಿಯಾಗಿ ನಕ್ಕರು. ಬೆಲ್ಲವೂ ಆದೀತು, ಹಾಲಾದರೂ ಇದೆಯೇ ಎಂದರು.

"ನೋ ಮಿಲ್ಕ್, ಸರ್. ದಿ ಬಫೆಲೋ ಕಾಫ್ ಡ್ರಂಕ್ ಇಟ್."

ಇಷ್ಟಾಗುವಾಗ ಉಳಿದ ಹುಡುಗಿಯರ ಬಾಯಿಯೂ ಬಿಚ್ಚಿತು. ಒಬ್ಬಳು "ಹೌ ವೆರಿ ಕೈಂಡ್!" ಎಂದು ಕೂಗಿದಳು, ಇನ್ನೊಬ್ಬಳು ಎಮ್ಮೆಯ ಯೋಗಕ್ಷೇಮ ಕೇಳಿದಳು. ಯಾರು ಆಡಿದ್ದೆಂದು ಯಾರಿಗೂ ಕಾಣುವಂತಿಲ್ಲ. ಅದೇ ಅವರ ಧೈರ್ಯ. ನನಗೆ ಕತ್ತಲೆಯಲ್ಲಿ ತಲೆ ಬೆಳಗಿತು. ಇವರಿಗೆ ಇಂಗ್ಲಿಷ್ ಬರದೆ ಇರಲಿಲ್ಲ. ಆ ದರಿದ್ರ ಬಲ್ಬು ಇರಬಾರದಾಗಿತ್ತು, ಅಷ್ಟೇ.

ಆಗಲೇ ನಮ್ಮ ನೀಲವ್ವ, ನನ್ನ ಮೇಲಿನ ಪ್ರೀತಿಯಿಂದ, ಎಲ್ಲಿಂದಲೋ ಒಂದು ಕಂದೀಲು ಹಚ್ಚಿಕೊಂಡು ಬಂದು ಸ್ಟೇಜಿನ ಮುಂದೆ ಎತ್ತಿ ಹಿಡಿದಳು. ಹುಡುಗಿಯರ ಮುಖ ಕಂಡಿತು. ಅರ್ಧ ವಾಕ್ಯದಲ್ಲಿದ್ದ ಕಾಶಿ ಟಪ್ಪನೆ ಬಾಯಿ ಮುಚ್ಚಿದಳು. ಸಾಹೇಬರು "ಗೋ ಆನ್, ಗೋ ಆನ್" ಎಂದರು. ಕಪ್ಪು ಮತ್ತೆ ಕಟಕಟ ಅಂದಿತು. ದೇಸಾಯರು ಕೆಮ್ಮಿ "ಅಷ್ಟರಿ. ಕಲಿಸಿದಷ್ಟು ಮುಗೀತು" ಎಂದರು. ಏನು ಮಾಡಲಿ? ಸಾಹೇಬರ ಎದುರಿನ ದೀಪ ಆರಿಸಿ ಎಂದು ಹೇಳುವುದು ಹೇಗೆ? ಆಮೇಲೆ ನನ್ನ ನೌಕರಿಯೂ ಆರುವುದಲ್ಲ! ಆಗ ಸಿಡಿದ ಗಾಜು ನೆನಪಾಯಿತು. ನಾನು ಸ್ಟೇಜಿನ ತುದಿಗೆ ಬಂದು, ಸೆರಗು ಸರಿಪಡಿಸಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದೆ.

"ನೀಲವ್ವಾ, ದೀಪಾ ದೊಡ್ಡದು ಮಾಡ್ರಿ!"

ನೀಲವ್ವ ನನ್ನನ್ನು ದಿಟ್ಟಿಸಿದಳು. ಮತ್ತೆ ಬಿಗ್ ಅಂತಾಳೋ, ಖರೇನೇ ತಗೀ ಅಂತಾಳೋ ಎಂಬ ಅನುಮಾನ ಅವಳಿಗೆ. ಅಷ್ಟರಲ್ಲಿ ಸಾಹೇಬರೇ ನನ್ನ ನೆರವಿಗೆ ಬಂದರು. ನನ್ನ ಹಾಗೆಯೇ ಪುಸ್ತಕದ ಮನುಷ್ಯ! ತಮ್ಮ ಇಸ್ತ್ರಿಯ ಕನ್ನಡದಲ್ಲಿ "ಹೌದು, ಹೌದು, ದೀಪವನ್ನು ಇನ್ನೂ ದೊಡ್ಡದು ಮಾಡಿರಿ" ಎಂದು ಅಪ್ಪಣೆ ಕೊಟ್ಟರು.

ಸಾಹೇಬರೇ ಹೇಳಿದ ಮೇಲೆ ಮುಗಿಯಿತು. ನೀಲವ್ವ ಕೈ ಮುಗಿದು, ಕಂದೀಲಿನ ಬತ್ತಿ ಇಳಿಸಿ, ಪುಸ್ಸೆಂದು ಊದಿದಳು.

"ಏನಾಯಿತು?" ಸಾಹೇಬರ ದನಿ.

"ದೊಡ್ಡದಾತ್ರಿ ಸಾಹೇಬ್ರ" ಎಂದಿತು ಇಡೀ ಸಭೆ.

ಆ ನಗೆಯ ನಡುವೆ ದೇಸಾಯರ ನಗೆಯೂ ಕೇಳಿತು. ಅದು ನನಗೆ ಗೊತ್ತು. ಅವರದು ಒರಳಲ್ಲಿ ಮೆಣಸಿನಕಾಯಿ ಕುಟ್ಟಿದ ಹಾಗಿರುತ್ತಿತ್ತು. ನಗೆ ಇಳಿದ ಮೇಲೆ ಸಾಹೇಬರು ಮತ್ತೆ ಇಂಗ್ಲಿಷಿಗೆ ಬಂದರು. ಈ ಸಲ ಮೋಜಿನ ದನಿಯಲ್ಲ. ಈ ಕ್ಲಾಸು ನಿಂತರೆ ನೀನು ಏನು ಮಾಡುತ್ತೀ ಎಂದು ಕೇಳಿದರು.

"ಮ್ಯಾರೇಜ್, ಸರ್."

ಅದು ನಿನಗೆ ಇಷ್ಟವೇ?

ಕಾಶಿ ಹೇಳಿದಳು. "ಐ ಹ್ಯಾವ್ ನಾಟ್ ರೀಚ್ಡ್ ದಟ್ ಲೆಸನ್, ಸರ್."

ಆ ವಾಕ್ಯದಲ್ಲಿ ಒಂದೂ ತಪ್ಪಿರಲಿಲ್ಲ. ಟೆನ್ಸು ಕೂಡ ಸರಿಯಾಗಿತ್ತು. ನಾನು ಹಗ್ಗ ಹಿಡಿದೇ ಅಳುತ್ತಿದ್ದೆ. ಕತ್ತಲೆಯಿಂದ ನನಗೂ ಅಷ್ಟು ಉಪಕಾರವಾಯಿತು. ಮಗಳ ನಾಟಕಕ್ಕೆಂದು ಬಂದಿದ್ದ ನಿಂಗನಗೌಡರು ಹಿಂದಿನ ಸಾಲಿನಿಂದ "ಏನಂದ್ಲರಿ ನಮ್ಮ ಹುಡಿಗಿ?" ಎಂದರು. ಸಾಹೇಬರು ನಿಧಾನವಾಗಿ ಹೇಳಿದರು. "ಆ ಪಾಠಕ್ಕೆ ಇನ್ನೂ ಬಂದಿಲ್ಲವಂತೆ."

"ಹೌದಲ್ರಿ ಮತ್ತ" ಎಂದರು ಗೌಡರು. "ಸಾಲಾಗಿ ಕಲಿಬೇಕು. ನಡೂ ನಡೂ ಜಿಗದ್ರ ಹೆಂಗ?"

ಕ್ಲಾಸು ಮುಂದುವರಿಯಲಿ ಎಂದು ಸಾಹೇಬರು ಎದ್ದುನಿಂತು ಹೇಳಿದರು. ದೇಸಾಯರು "ಆತ್ರಿ, ಎಮ್ಮಿ ಕರಾನ ಸಾಕ್ಷಿ ಹೇಳಿದ ಮ್ಯಾಲ ನಂದೇನೈತಿ" ಎಂದರು. ಜನ ಚಪ್ಪಾಳೆ ತಟ್ಟಿದರು, ಮತ್ತು ಆ ಚಪ್ಪಾಳೆಗೆ ಹೆದರಿಯೋ ಏನೋ ಎರಡೂ ಬಲ್ಬು ಭಗ್ಗನೆ ಹತ್ತಿಕೊಂಡವು. ನೋಡುತ್ತೇವೆ, ಸ್ಟೇಜಿನ ಮೇಲೆ ಒಬ್ಬ ಹುಡುಗಿಯೂ ಇಲ್ಲ. ಏಳೂ ಜನ ಪರದೆಯ ಹಿಂದೆ. ಕೆಳಗಿನಿಂದ ಹದಿನಾಲ್ಕು ಪಾದಗಳು ಮಾತ್ರ ಕಾಣುತ್ತಿದ್ದವು. ಸಾಹೇಬರು ಆ ಪಾದಗಳಿಗೇ ನಮಸ್ಕಾರ ಹೇಳಿ ಹೋದರು.

ಕಾಶಿ ಆ ಪಾಠಕ್ಕೂ ಬಂದಳು, ತನ್ನ ಸಮಯಕ್ಕೆ, ಮ್ಯಾಟ್ರಿಕ್ ಮುಗಿಸಿ, ತಾನೂ ಟೀಚರ್ ಆದ ಮೇಲೆ. ಮುಂಡರಗಿಯಲ್ಲೇ ಹೆಡ್‌ಮಿಸ್ಟ್ರೆಸ್ ಆದಳು. ಒಮ್ಮೆ ಅವಳ ಭಾಷಣ ಕೇಳಲು ಹೋಗಿದ್ದೆ. ಝಗಝಗಿಸುವ ಲೈಟಿನ ಕೆಳಗೆ ಮೈಕು ಹಿಡಿದವಳು ಬಿಡಲೇ ಇಲ್ಲ. ಪಕ್ಕದವರು "ಕರೆಂಟರೇ ಹೋಗಬಾರದಾ" ಎಂದು ಗೊಣಗಿದಾಗ ನನಗಾದ ಆನಂದವನ್ನು ಯಾರಿಗೆ ಹೇಳಲಿ?

ಆ ಗ್ಯಾದರಿಂಗಿನ ಮುಂದಿನ ಬೇಸಿಗೆಯ ಹೊತ್ತಿಗೆ ಸಂಸ್ಥಾನವೇ ಇರಲಿಲ್ಲ. ಮುಂಬಯಿಯಲ್ಲಿ ವಿಲೀನವಾಯಿತೆಂದು ಡಂಗುರ ಸಾರಿದರು. ನಾನು ಓಡಿ ಬಂದು "ನೀಲವ್ವ, ಸಂಸ್ಥಾನ ಮುಗೀತಂತೆ!" ಎಂದೆ. ನೀಲವ್ವ ದೇವರ ದೀಪಕ್ಕೆ ಎಣ್ಣೆ ಹಾಕುತ್ತಿದ್ದಳು. ತಿರುಗಿ ನೋಡದೆ ಹೇಳಿದಳು. "ಮುಗೀತು ಅನಬಾರ್ದು ಬಾಯಾರ. ಎಷ್ಟ ಸಲ ಹೇಳ್ಬೇಕು? ದೊಡ್ಡದಾತು ಅನ್ರಿ." ಖರೆ. ಲಕ್ಷ್ಮೇಶ್ವರ, ಶಿರಹಟ್ಟಿ ಗದಗಿಗೆ ಬಂದು ಕೂಡಿಕೊಂಡವು. ಏಕೀಕರಣದ ದಿನ ನಿಜಾಮರ ಕಡೆಯವರು, ಹೊಳೆಯಾಚೆಯವರು, ಮೈಸೂರಿನವರು ಎಲ್ಲ ಒಂದಾದಾಗ ಅವಳು ಮತ್ತೊಮ್ಮೆ ಅದನ್ನೇ ಅಂದಳು. "ನೋಡ್ರಿ, ಇನ್ನೂ ದೊಡ್ಡದಾತು." ನಾನು ಗೋಧಿ ಹುಗ್ಗಿ ತಿನ್ನುತ್ತ ಹೌದೆಂದೆ. ಖುಷಿಯೇ ಆಗಿತ್ತು. ಆದರೂ ಆ ಪುಟ್ಟ ಪರದೇಶ, ಆ ನಾಕಾ, ಗ್ರಾಮರ್ ಪುಸ್ತಕ ತೂಗಿ ನೋಡಿದ ಆ ಸಿಪಾಯಿ ಯಾವ ಮ್ಯಾಪಿನಲ್ಲೂ ಉಳಿಯಲಿಲ್ಲವಲ್ಲ ಎಂದು ಒಮ್ಮೊಮ್ಮೆ ಅನಿಸುತ್ತದೆ.

ಮೊನ್ನೆ ಕ್ಲಬ್ಬಿನಲ್ಲಿ ವಿಮಲಾಬಾಯಿಯ ಆಫ್ರಿಕಾ ಮುಗಿದ ಕೂಡಲೇ ನಾನು ಧೈರ್ಯ ಮಾಡಿ "ನಾನೂ ಫಾರಿನ್‌ನಲ್ಲಿ ಟೀಚರ್ ಆಗಿದ್ದೆ" ಎಂದುಬಿಟ್ಟೆ. ಎಲ್ಲರೂ ನನ್ನ ಕಡೆ ತಿರುಗಿದರು. ಟ್ಯೂಬ್‌ಲೈಟಿನ ಕೆಳಗೆ ಅಷ್ಟು ಕನ್ನಡಕಗಳು. "ಹೌದಾ! ಯಾವಾಗ ರಿಟರ್ನ್ ಆದ್ರಿ?" ಎಂದು ವಿಮಲಾಬಾಯಿ ಕೇಳಿದರು. ನಾನೆಲ್ಲಿ ರಿಟರ್ನ್ ಆದೆ? ನಾನು ಕುರ್ಚಿಯಲ್ಲಿ ಕೂತೇ ಇದ್ದೆ, ಗಡಿಯೇ ಎದ್ದು ನಡೆದುಹೋಯಿತು. ಇದನ್ನು ಹೇಳಬೇಕೆಂದು ಬಾಯಿ ತೆರೆದೆ. ದನಿ ಬರಲಿಲ್ಲ. ಕೈಯಲ್ಲಿದ್ದ ಕಪ್ಪು ಬಸಿಯ ಮೇಲೆ ಕಟಕಟ ಎಂದಿತು.

ದೇವರು ದೊಡ್ಡವನು, ಕರೆಂಟು ಹೋಯಿತು. "ಹೋತು, ಹೋತು!" ಎಂದು ಎಲ್ಲರೂ ಕೂಗಿದರು. "ಹೋತು ಅನಬಾರ್ದು, ದೊಡ್ಡದಾತು ಅನ್ರಿ" ಎಂದೆ. "ಏನ ದೊಡ್ಡದಾತ್ರಿ? ಬಿಲ್ಲೇನು?" ಎಂದರು ವಿಮಲಾಬಾಯಿ. ಆ ನಗೆಯಲ್ಲಿ ನನ್ನ ನಾಲಿಗೆ ಬಿಚ್ಚಿತು. ನಾಕಾ, ನೀಲವ್ವ, ಸಿಡಿದ ಗಾಜು, ಟೀ ಪಾರ್ಟಿ, ಎಲ್ಲ ನಿರರ್ಗಳವಾಗಿ ಹರಿಯಿತು. ಕತ್ತಲೆಯಲ್ಲಿ ಅವರೆಲ್ಲ ಉಸಿರು ಹಿಡಿದು ಕೇಳುತ್ತಿದ್ದರು. ಸಾಹೇಬರು ಕಾಶಿಗೆ ಅದು ನಿನಗೆ ಇಷ್ಟವೇ ಎಂದು ಕೇಳುವಲ್ಲಿಗೆ ಬಂದಿದ್ದೆ. ಅಷ್ಟರಲ್ಲಿ ಟ್ಯೂಬ್‌ಲೈಟು ಪಕಪಕ ಅಂದು ಹತ್ತಿಕೊಂಡಿತು. ನಾನು ಅರ್ಧ ವಾಕ್ಯದಲ್ಲಿ ನಿಂತೆ. "ಹೇಳ್ರಿ, ಮುಂದ ಹೇಳ್ರಿ" ಎಂದರು. ಕಾನ್ವೆಂಟ್ ಎಜುಕೇಟೆಡ್, ನಲವತ್ತು ವರ್ಷ ಇಂಗ್ಲಿಷ್ ಕಲಿಸಿದವಳು, ಮೊಣಕಾಲು ಜೋಡಿಸಿಕೊಂಡು ಸುಮ್ಮನೆ ಕುಳಿತೆ.

ಅದಕ್ಕೇ ಇದನ್ನು ಬರೆದದ್ದು. ಇಲ್ಲಿ ನಿಮ್ಮ ಮುಖ ನನಗೆ ಕಾಣುವುದಿಲ್ಲ, ನನ್ನದು ನಿಮಗೆ ಕಾಣುವುದಿಲ್ಲ. ಪ್ಲೀಸ್, ಯಾರೂ ಸ್ವಿಚ್ ಒತ್ತಬೇಡಿ.